ನೀರಿನಲ್ಲಿನ ಅನಿಲ ಗುಳ್ಳೆಗಳ ಧ್ವನಿಮಾಪನ

ನೀರಿನಲ್ಲಿನ ಅನಿಲ ಗುಳ್ಳೆಗಳ ಧ್ವನಿಮಾಪನವು ಗುಳ್ಳೆಗಳ ಗಾತ್ರ ಹಾಗೂ ಪ್ರಮಾಣವನ್ನು ಶಬ್ದದ ನೆರವಿನಿಂದ ತಿಳಿಯುವ ವಿಧಾನ. ಬೆಳಕು ದೂರ ಸಾಗದ ಕದಡಿದ ನೀರಿನಲ್ಲಿಯೂ ಆಳವಾದ ಸಮುದ್ರದಲ್ಲಿಯೂ ಶಬ್ದವು ಸಾಗಬಲ್ಲದಾದ್ದರಿಂದ ಇದು ಉಪಯುಕ್ತವಾಗಿದೆ.

ತತ್ತ್ವ

ಗುಳ್ಳೆಯೊಳಗಿನ ಅನಿಲವು ಸ್ಪ್ರಿಂಗಿನಂತೆಯೂ ಸುತ್ತಲಿನ ನೀರು ಅದಕ್ಕೆ ಕಟ್ಟಿದ ತೂಕದಂತೆಯೂ ವರ್ತಿಸುತ್ತವೆ. ಹೀಗಾಗಿ ಗುಳ್ಳೆಯು ಹಿಗ್ಗುತ್ತ ಕುಗ್ಗುತ್ತ ತನ್ನದೇ ಆದ ಆವೃತ್ತಿಯಲ್ಲಿ ಕಂಪಿಸುತ್ತದೆ. ಬೆಲ್ಜಿಯಂ ಮೂಲದ ಖಗೋಳವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ (1893–1970) ಈ ಆವೃತ್ತಿಯ ಸೂತ್ರವನ್ನು 1933ರಲ್ಲಿ ಪ್ರಕಟಿಸಿದನು. ಹರಿಯುವ ನೀರಿನ ಜುಳುಜುಳು ನಾದಕ್ಕೆ ಗುಳ್ಳೆಗಳ ಕಂಪನವೇ ಕಾರಣವೆಂಬುದನ್ನು ಅವನು ವಿವರಿಸಿದನು.

ಆವೃತ್ತಿಯು ಗುಳ್ಳೆಯ ತ್ರಿಜ್ಯಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ನೀರಿನ ಮೇಲ್ಮೈ ಸಮೀಪದಲ್ಲಿ 1 ಸೆಂ.ಮೀ. ತ್ರಿಜ್ಯದ ಗಾಳಿಗುಳ್ಳೆಯ ಆವೃತ್ತಿ ಸುಮಾರು 326 ಹರ್ಟ್ಜ್, 1 ಮಿ.ಮೀ. ತ್ರಿಜ್ಯದ್ದು ಸುಮಾರು 3,260 ಹರ್ಟ್ಜ್, 0.1 ಮಿ.ಮೀ. ತ್ರಿಜ್ಯದ್ದು ಕಿವಿಗೆ ಕೇಳಿಸದಷ್ಟು ಹೆಚ್ಚು. ಒತ್ತಡ ಹೆಚ್ಚಿದಂತೆ ಆವೃತ್ತಿಯೂ ಏರುತ್ತದೆ. 10 ಮೀಟರ್ ಆಳದಲ್ಲಿ ಒತ್ತಡವು ಸರಿಸುಮಾರು ಇಮ್ಮಡಿಯಾಗುವುದರಿಂದ ಅದೇ ಗಾತ್ರದ ಗುಳ್ಳೆಯ ಆವೃತ್ತಿ ಸುಮಾರು 1.4 ಪಟ್ಟಾಗುತ್ತದೆ. ಆದುದರಿಂದ ಆಳವನ್ನು ತಿಳಿಯದೆ ಗಾತ್ರವನ್ನು ಲೆಕ್ಕಹಾಕಲಾಗದು.

ವಿಧಾನಗಳು

* ಆಲಿಸುವ ವಿಧಾನ: ಗುಳ್ಳೆಯು ರಂಧ್ರದಿಂದ ಬೇರ್ಪಡುವಾಗ ಅಥವಾ ಅಲೆ ಒಡೆದು ಹುಟ್ಟುವಾಗ ಹೊಮ್ಮುವ ಸದ್ದನ್ನು ಹೈಡ್ರೋಫೋನ್ (ನೀರೊಳಗಿನ ಮೈಕ್ರೋಫೋನ್) ದಾಖಲಿಸುತ್ತದೆ. ಹುಟ್ಟಿದ ಕ್ಷಣ ಕಳೆದ ಮೇಲೆ ಗುಳ್ಳೆಯ ಸದ್ದು ಬೇಗನೆ ಅಡಗುತ್ತದೆ.
* ಶಬ್ದ ಕಳುಹಿಸುವ ವಿಧಾನ: ವಿವಿಧ ಆವೃತ್ತಿಗಳ ಶಬ್ದವನ್ನು ನೀರಿಗೆ ಹಾಯಿಸಿ, ಅದು ಎಷ್ಟು ಕ್ಷೀಣಿಸಿತು, ಎಷ್ಟು ಚದುರಿತು ಎಂಬುದನ್ನು ಅಳೆಯಲಾಗುತ್ತದೆ. ಮೌನವಾಗಿರುವ ಗುಳ್ಳೆಗಳನ್ನೂ ಇದರಿಂದ ಪತ್ತೆಹಚ್ಚಬಹುದು.

ಉಪಯೋಗಗಳು

ಸಮುದ್ರತಳದಿಂದ ಸೋರುವ ಮಿಥೇನ್ ಹಸಿರುಮನೆ ಅನಿಲವಾಗಿದೆ. ಚಿಕ್ಕ ಗುಳ್ಳೆಗಳಲ್ಲಿನ ಮಿಥೇನ್ ದಾರಿಯಲ್ಲಿಯೇ ನೀರಿನಲ್ಲಿ ಕರಗಿಬಿಡುತ್ತದೆ. ದೊಡ್ಡ ಗುಳ್ಳೆಗಳು ಅದನ್ನು ಇನ್ನಷ್ಟು ಮೇಲಕ್ಕೆ ಒಯ್ಯುತ್ತವೆ. ವಾತಾವರಣವನ್ನು ಸೇರುವ ಪಾಲನ್ನು ಅಂದಾಜಿಸಲು ಗುಳ್ಳೆಗಳ ಗಾತ್ರ ತಿಳಿಯುವುದು ಅಗತ್ಯ. ಒಡೆಯುವ ಅಲೆಗಳಿಂದ ಸಾಗರವು ಹೀರಿಕೊಳ್ಳುವ ಅನಿಲದ ಅಧ್ಯಯನದಲ್ಲಿಯೂ ಈ ಮಾಪನ ಬಳಕೆಯಲ್ಲಿದೆ. ಆಳದಿಂದ ಮೇಲೆ ಬಂದ ಮುಳುಗುಗಾರರ ರಕ್ತನಾಳಗಳಲ್ಲಿನ ಗುಳ್ಳೆಗಳನ್ನು ಡಾಪ್ಲರ್ ಶ್ರವಣಾತೀತ ಧ್ವನಿಯಿಂದ ಗುರುತಿಸುತ್ತಾರೆ. ಆದರೆ ಗುಳ್ಳೆ ಕಂಡ ಮಾತ್ರಕ್ಕೆ ರೋಗವಿದೆಯೆಂದು ಅರ್ಥವಲ್ಲ.

ಮಿತಿಗಳು

ಕಂಪಿಸುವ ಸಣ್ಣ ಗುಳ್ಳೆಯಂತೆಯೇ, ಅದಕ್ಕಿಂತ ಬಹಳ ದೊಡ್ಡ ಗುಳ್ಳೆಯೂ ಅದೇ ಆವೃತ್ತಿಯ ಶಬ್ದವನ್ನು ಬಲವಾಗಿ ಚದುರಿಸಬಲ್ಲದು. ಇದರಿಂದ ಗಾತ್ರವನ್ನು ತಪ್ಪಾಗಿ ಗ್ರಹಿಸುವ ಸಂಭವವಿದೆ. ಗುಳ್ಳೆಗಳು ದಟ್ಟವಾಗಿದ್ದಲ್ಲಿ ಅವು ಪರಸ್ಪರ ಪ್ರಭಾವ ಬೀರಿ ಒಂಟಿ ಗುಳ್ಳೆಗಿಂತ ಕಡಿಮೆ ಆವೃತ್ತಿಯಲ್ಲಿ ಒಟ್ಟಾಗಿ ಕಂಪಿಸಬಹುದು. ಆದ್ದರಿಂದ ಒಂದೇ ಆವೃತ್ತಿಯ ಅಳತೆಯನ್ನು ನೆಚ್ಚದೆ ಹಲವು ಆವೃತ್ತಿಗಳ ಅಳತೆಗಳನ್ನು ಹೋಲಿಸಿ ನೋಡಲಾಗುತ್ತದೆ.