ಅರ್ಧಕ್ಕೆ ನಿಂತ ಅಪ್‌ಡೇಟ್: ಲಿನಕ್ಸ್ ದುರಸ್ತಿಯ ಮೂರು ದಶಕ

ಲಿನಕ್ಸ್‌ನಲ್ಲಿ ಅಪ್‌ಡೇಟ್ ಕೆಡಲು ಕಾರಣಗಳು ಹಲವು. ನಡುವೆ ಕರೆಂಟ್ ಹೋಗುತ್ತದೆ, ಡಿಸ್ಕ್ ತುಂಬಿರುತ್ತದೆ, ಹೊರಗಿನಿಂದ ತಂದು ಹಾಕಿದ ಪ್ಯಾಕೇಜ್ (ತಂತ್ರಾಂಶದ ಕಟ್ಟು) ಉಳಿದವುಗಳೊಂದಿಗೆ ಹೊಂದುವುದಿಲ್ಲ. ಇದನ್ನು ಸರಿಪಡಿಸುವ ವಿದ್ಯೆ ಮೂವತ್ತು ವರ್ಷಗಳಿಂದ ಒಂದೇ ದಿಕ್ಕಿನಲ್ಲಿ ಬೆಳೆದಿದೆ: ಬಳಕೆದಾರರ ತಲೆಯ ಮೇಲಿದ್ದ ಹೊರೆಯನ್ನು ವ್ಯವಸ್ಥೆಯೇ ಒಂದೊಂದಾಗಿ ಹೊತ್ತುಕೊಂಡಿದೆ.

ಮೊದಲು ಬಂದದ್ದು ಲೆಕ್ಕ ಇಡುವ ಕ್ರಮ. 1993ರಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ಆರಂಭಿಸಿದರು. ಮರುವರ್ಷ ಅದರ ಪ್ಯಾಕೇಜುಗಳನ್ನು ನಿರ್ವಹಿಸುವ ಡಿಪಿಕೆಜಿ ರೂಪುಗೊಂಡಿತು. 1995ರಲ್ಲಿ ರೆಡ್ ಹ್ಯಾಟ್‌ನ ಆರ್‌ಪಿಎಂ ಬಂತು. ಡಿಪಿಕೆಜಿಯ ಸ್ಟೇಟಸ್ ಕಡತದಲ್ಲಿ ಪ್ರತಿ ಪ್ಯಾಕೇಜಿಗೂ ಮೂರು ಪದಗಳ ಒಂದು ಸಾಲಿದೆ: ನಮಗೆ ಬೇಕಾದದ್ದೇನು, ದೋಷವಿದೆಯೇ, ಕೆಲಸ ಎಲ್ಲಿಯವರೆಗೆ ಬಂದಿದೆ. ಕಾನ್ಫಿಗರ್ ಮಾಡುವಾಗ ಕಂಪ್ಯೂಟರ್ ಆರಿಹೋದರೆ ಆ ಪ್ಯಾಕೇಜ್ ‘ಅರ್ಧ ಕಾನ್ಫಿಗರ್ ಆಗಿದೆ’ ಎಂದು ಅಲ್ಲಿ ಉಳಿದಿರುತ್ತದೆ. ಬಾಕಿ ಇರುವುದನ್ನೆಲ್ಲ ಕಾನ್ಫಿಗರ್ ಮಾಡು ಎಂಬ ಆದೇಶ ಇಂದಿಗೂ ಮೊದಲ ಮದ್ದಾಗಿರುವುದು ಈ ಸಾಲಿನ ಬಲದಿಂದಲೇ.

ಆದರೆ ಒಂದು ಪ್ಯಾಕೇಜ್ ಇನ್ನೊಂದನ್ನು ಬೇಡಿದಾಗ ಅದನ್ನು ಹುಡುಕಿ ತರುವ ಕೆಲಸ ಡಿಪಿಕೆಜಿಯದಾಗಿರಲಿಲ್ಲ. 1999ರಲ್ಲಿ ಡೆಬಿಯನ್ 2.1ರೊಂದಿಗೆ ಬಂದ ಎಪಿಟಿ ಅವಲಂಬನೆಗಳನ್ನು ತಾನೇ ಲೆಕ್ಕ ಹಾಕಿತು; ಮುರಿದ ಕೊಂಡಿಗಳನ್ನು ಬೆಸೆಯುವ ಆದೇಶವನ್ನೂ ಕೊಟ್ಟಿತು. ಆರ್‌ಪಿಎಂ ಕಡೆ ಇದೇ ಕೆಲಸವನ್ನು ಯಮ್ ಮಾಡಿತು, ಮುಂದೆ ಡಿಎನ್‌ಎಫ್ ಅದರ ಜಾಗಕ್ಕೆ ಬಂತು.

2004ರಲ್ಲಿ ಉಬುಂಟು ಬಂದ ಮೇಲೆ ಟರ್ಮಿನಲ್ ಅರಿಯದವರೂ ಲಿನಕ್ಸ್‌ಗೆ ಬಂದರು. ಅಪ್‌ಡೇಟ್ ಕಿಟಕಿ ‘ವಿಫಲವಾಯಿತು’ ಎಂದಷ್ಟೇ ಹೇಳಿದಾಗ ನಿಜವಾದ ಕಾರಣ ಟರ್ಮಿನಲ್‌ನಲ್ಲಿ ಸಿಗುತ್ತದೆ. ಒಂದೇ ಹೊತ್ತಿಗೆ ಎರಡು ಅಪ್‌ಡೇಟ್ ನಡೆಯದಂತೆ ತಡೆಯುವ ಲಾಕ್ ಕಡತವನ್ನು ಅಳಿಸಿಬಿಡಿ ಎಂಬ ಸಲಹೆ ಹಬ್ಬಿದ್ದೂ ಇಂಥವರ ನಡುವೆಯೇ. ಇದು ಅಪಾಯದ ಸಲಹೆ. ನಿಜವಾದ ಬೀಗ ಇರುವುದು ಓಡುತ್ತಿರುವ ಪ್ರೋಗ್ರಾಮಿನ ಕೈಯಲ್ಲಿ. ಕಡತ ಅಳಿಸಿದರೆ ಎರಡು ಪ್ರೋಗ್ರಾಮುಗಳು ಒಂದೇ ದಾಖಲೆಯನ್ನು ಒಟ್ಟಿಗೆ ತಿದ್ದತೊಡಗಬಹುದು. ಹಿನ್ನೆಲೆಯಲ್ಲಿ ನಡೆಯುತ್ತಿರುವ ಅಪ್‌ಡೇಟ್ ಮುಗಿಯುವವರೆಗೆ ಕಾಯುವುದೇ ಸರಿ.

2007ರ ಡೆಬಿಯನ್ 4.0ರಲ್ಲಿ ಡಿಜಿಟಲ್ ಸಹಿಯ ಪರಿಶೀಲನೆ ಸೇರಿತು. ಸುರಕ್ಷತೆ ಹೆಚ್ಚಿತು, ಜೊತೆಗೆ ಹೊಸ ಬಗೆಯ ತೊಡಕೂ ಬಂತು. ಸಹಿಯನ್ನು ಪರಿಶೀಲಿಸುವ ಕೀಲಿಯ ಅವಧಿ ಮುಗಿದರೆ ಅಥವಾ ಗಡಿಯಾರ ತಪ್ಪಿದ್ದರೆ ಪ್ಯಾಕೇಜುಗಳನ್ನು ಒದಗಿಸುವ ರೆಪಾಸಿಟರಿಯನ್ನು ಎಪಿಟಿ ಒಪ್ಪುವುದಿಲ್ಲ. ಆಗ ತಿದ್ದಬೇಕಾದದ್ದು ಕೀಲಿಯನ್ನು, ಗಡಿಯಾರವನ್ನು; ಪರಿಶೀಲನೆಯನ್ನೇ ನಿಲ್ಲಿಸಿಬಿಡುವುದು ದುರಸ್ತಿಯಲ್ಲ.

ಈಚಿನ ಹೆಜ್ಜೆ, ಹಿಂದಕ್ಕೆ ಮರಳುವ ಸೌಲಭ್ಯ. ಎಲ್ಕೋ ಡೋಲ್‌ಸ್ಟ್ರಾ 2006ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದ ನಿಕ್ಸ್ ಎಂಬ ಪ್ಯಾಕೇಜ್ ವ್ಯವಸ್ಥೆ, ಹಳೆಯ ಆವೃತ್ತಿಯನ್ನು ಅಳಿಸದೆ ಪಕ್ಕದಲ್ಲೇ ಹೊಸದನ್ನು ಕಟ್ಟುತ್ತದೆ. ಓಪನ್‌ಸೂಸೆಯ ಸ್ನ್ಯಾಪರ್ ಅಪ್‌ಡೇಟ್‌ಗೆ ಮುಂಚೆ ಮತ್ತು ಆಮೇಲೆ ಇಡೀ ವ್ಯವಸ್ಥೆಯ ಸ್ಥಿತಿಯನ್ನು ಹಿಡಿದಿಡುತ್ತದೆ. ಫೆಡೊರಾ ಸಿಲ್ವರ್‌ಬ್ಲೂನಲ್ಲಿ ಬೂಟ್ ಮೆನುವಿನಿಂದಲೇ ಹಿಂದಿನ ಸ್ಥಿತಿಗೆ ಹೋಗಬಹುದು.

ಡೆಬಿಯನ್, ಉಬುಂಟುಗಳ ಮಾಮೂಲಿ ಇನ್‌ಸ್ಟಾಲೇಶನ್‌ನಲ್ಲಿ ಇಡೀ ವ್ಯವಸ್ಥೆಯನ್ನು ಹೀಗೆ ಹಿಂದಕ್ಕೊಯ್ಯುವ ಅನುಕೂಲ ತಾನಾಗಿ ಸಿಗುವುದಿಲ್ಲ. ಪರಿಣತರ ನೆರವಿಲ್ಲದೆ ಕಂಪ್ಯೂಟರ್ ನಡೆಸುವ ಶಾಲೆ, ಗ್ರಂಥಾಲಯ, ಮನೆಗಳಿಗೆ ಅದು ಎಲ್ಲಕ್ಕಿಂತ ಹೆಚ್ಚು ಬೇಕು. ಲಿನಕ್ಸ್ ಎಲ್ಲರದೂ ಆಗಬೇಕಾದರೆ ಅದನ್ನು ಮೊದಲ ದಿನದಿಂದಲೇ ಎಲ್ಲರ ಕೈಗೂ ಕೊಡಬೇಕು.