ಕೆಲಸವಿಲ್ಲದೆ ಬಂದ ಪ್ರವಾಸಿ

ಕುಮಟೆಯಿಂದ ಬರುವ ರೈಲು ಹೊನ್ನಾವರವನ್ನು ಬಿಟ್ಟು ಭಟ್ಕಳದತ್ತ ಸಾಗುವಾಗ ಶರಾವತಿಯ ಮೇಲಣ ಸೇತುವೆಯನ್ನು ಹಾಯುತ್ತದೆ. ಎರಡು ಕಿಲೋಮೀಟರಿಗೂ ಮಿಕ್ಕ ಸೇತುವೆ. ಆದರೂ ಕಿಟಕಿಯ ಬಳಿ ಕುಳಿತವರು ಕಣ್ತುಂಬ ನೋಡುವಷ್ಟರಲ್ಲಿ ನದಿ ಹಿಂದೆ ಸರಿದಿರುತ್ತದೆ. ಇದೇ ನದಿಯಲ್ಲಿ ದೋಣಿಯೇರಿ ಸಾವಕಾಶವಾಗಿ ಮೇಲಕ್ಕೆ ಸಾಗಿದ ಒಬ್ಬ ಪರದೇಶಿಯ ಸಂಗತಿಯನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಈ ಕರಾವಳಿಗೆ ಹೊರಗಿನವರು ಬಂದದ್ದೇನೂ ಹೊಸತಲ್ಲ. ವಿಜಯನಗರಕ್ಕೆ ಬೇಕಾದ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು. ಮೆಣಸು ಇಲ್ಲಿಂದ ಹಡಗೇರುತ್ತಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದುವೆಂದು ಬರೆದಿಟ್ಟ. ಆದರೆ ಆತನೂ ದಿಲ್ಲಿಯ ಸುಲ್ತಾನನ ಕಾರ್ಯ ಹೊತ್ತು ಹೊರಟಿದ್ದವನು. 1623ರ ಅಕ್ಟೋಬರಿನಲ್ಲಿ ಹೊನ್ನಾವರದಲ್ಲಿಳಿದ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲೆಗೆ ಇಂಥ ಯಾವ ಕಾರ್ಯವೂ ಇರಲಿಲ್ಲ. ವ್ಯಾಪಾರವಿಲ್ಲ, ಮತಪ್ರಚಾರವಿಲ್ಲ, ಒಡೆಯನಿಲ್ಲ. ಒಲಿದ ಹೆಣ್ಣು ಕೈತಪ್ಪಿದ ನೋವಿನಲ್ಲಿ 1614ರಲ್ಲಿ ವೆನಿಸ್ಸಿನಿಂದ ಹಡಗೇರಿದ ಈ ಸಿರಿವಂತ ತನ್ನನ್ನು ‘ಯಾತ್ರಿಕ’ನೆಂದೇ ಕರೆದುಕೊಂಡ. ಕಂಡದ್ದನ್ನೆಲ್ಲ ನೇಪಲ್ಸಿನ ಗೆಳೆಯ, ವೈದ್ಯ ಮಾರಿಯೊ ಸ್ಕಿಪಾನೊಗೆ ಪತ್ರಗಳಲ್ಲಿ ಬರೆಯುತ್ತಿದ್ದ.

ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ರಾಯಭಾರಿಯನ್ನು ಕಳುಹುವರೆಂದು ತಿಳಿದು ಈತ ಜೊತೆಗೂಡಿದ. ನಾಯಕನ ಕಡೆಯ ವಿಠಲ ಶೆಣೈ ಕೂಡ ಊರಿಗೆ ಮರಳುತ್ತಿದ್ದರು; ಹೆಸರನ್ನು ಪಾಪ, ‘ವಿತುಲ ಸಿನಾಯ್’ ಎಂದು ಬರೆದಿದ್ದಾನೆ. ರಾಯಭಾರಿಗೆ ರಾಜಕಾರಣದ ಚಿಂತೆ. ಇವನಿಗೆ ಬಿಡುವೇ ಬಿಡುವು. ಹೊನ್ನಾವರದ ರಾಮತೀರ್ಥವನ್ನು ನೋಡಿ ಬಂದ. ಅಲ್ಲಿಂದ ಗೇರುಸೊಪ್ಪೆಯವರೆಗಿನ ಹೊಳೆ, ತಾನು ಕಂಡ ಅತಿ ಚೆಲುವಾದ ನದಿಗಳಲ್ಲೊಂದೆಂದು ಬರೆದ. ಗೇರುಸೊಪ್ಪೆಯಲ್ಲಿ ಪೋರ್ಚುಗೀಸರು ‘ಮೆಣಸಿನ ರಾಣಿ’ ಎನ್ನುತ್ತಿದ್ದವಳ ರಾಜಧಾನಿ ಆಗಲೇ ಹಾಳುಬಿದ್ದು, ಅರಮನೆಯ ನೆಲವನ್ನು ಮರಗಿಡ ಮುತ್ತಿದ್ದವು.

ಘಟ್ಟವೇರಿದ ಮೇಲೆ, ಹನುಮಂತನ ಗುಡಿಯ ಜಗಲಿಯಲ್ಲಿ ಅವನು ಕಂಡದ್ದು ಈ ಪ್ರವಾಸದ ತಿರುಳೆಂದು ನನ್ನ ಎಣಿಕೆ. ಸಾಮಾನು ಹೊರುವವರು ಅಣಿಯಾಗುವವರೆಗೆ ಕಾಯಬೇಕಿತ್ತು. ಅಂಥ ಹೊತ್ತಿನಲ್ಲಿ ನಾವಾದರೆ ಗಡಿಯಾರ ನೋಡಿ ಗೊಣಗುತ್ತೇವೆ. ಅವನು ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ನೋಡುತ್ತ ನಿಂತ. ಒಬ್ಬ ಪಾಠದ ಒಂದು ತುಣುಕನ್ನು ರಾಗವಾಗಿ ಹೇಳುವನು. ಹೇಳುತ್ತಲೇ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿಂದ ಬರೆಯುವನು. ಉಳಿದವರೂ ಹಾಗೆಯೇ ಹಾಡುತ್ತ ಬರೆಯುವರು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುವರು. ಕಾಗದದ ವೆಚ್ಚವಿಲ್ಲ, ಲೇಖನಿಯ ಹಂಗಿಲ್ಲ. ಗುರುಗಳು ಕಾಣಲಿಲ್ಲ. ನೀವು ಮರೆತರೆ, ತಪ್ಪಿದರೆ ತಿದ್ದುವವರಾರು ಎಂದು ಕೇಳಿದ. ನಾಲ್ವರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ ಎಂದರು ಹುಡುಗರು. ಈ ಉತ್ತರಕ್ಕೆ ಅವನು ಮನಸೋತ.

ಇಕ್ಕೇರಿಯಲ್ಲಿ ಕಂಡದ್ದು ಇಷ್ಟು ಹಗುರವಲ್ಲ. ಸಹಗಮನಕ್ಕೆ ನಿಶ್ಚಯಿಸಿದ್ದ ಒಬ್ಬ ತೆಲುಗು ಹೆಂಗಸಿನ ಮನೆಗೆ ಹೋಗಿ, ದುಭಾಷಿಯ ಮೂಲಕ ಮಾತಾಡಿ, ಬೇಡವೆಂದು ಬಗೆಬಗೆಯಾಗಿ ಹೇಳಿದ. ಆಕೆಯ ಗಂಡ ನಗಾರಿ ಬಾರಿಸುವವನಾಗಿದ್ದ. ಆತ ಬರೆದಿರುವ ಹೆಸರು ನಮ್ಮ ಜಕ್ಕಮ್ಮನಿರಬೇಕು. ತನ್ನನ್ನು ಯಾರೂ ಬಲಾತ್ಕರಿಸಿಲ್ಲವೆಂದು ಆಕೆ ನಗುಮುಖದಿಂದಲೇ ಹೇಳಿದಳು. ಸೋತು, ನಿನ್ನ ಹೆಸರನ್ನು ನನ್ನ ಬರವಣಿಗೆಯಲ್ಲಿ ಉಳಿಸುವೆನೆಂದು ಮಾತು ಕೊಟ್ಟು ಬಂದ.

ಆ ಮನೆಯ ಬಾಗಿಲಲ್ಲಿ ನಿಂತವನೂ ಜೊತೆಯನ್ನು ಕಳೆದುಕೊಂಡವನೇ. ಬಗ್ದಾದಿನಲ್ಲಿ 1616ರಲ್ಲಿ ಕೈಹಿಡಿದ ಮಡದಿ ಸಿತ್ತಿ ಮಾನಿ, 1621ರ ಕೊನೆಯಲ್ಲಿ ಪರ್ಷಿಯಾದ ಕಡಲತೀರದ ಬಳಿ ತೀರಿಕೊಂಡಿದ್ದಳು. ಕೆಡದಂತೆ ಕಾದಿರಿಸಿದ ಆಕೆಯ ದೇಹವನ್ನು ರೋಮಿಗೆ ಒಯ್ಯುವ ಪಣ ತೊಟ್ಟಿದ್ದ. ಆ ಪೆಟ್ಟಿಗೆಯೊಡನೆ 1626ರಲ್ಲಿ ಊರು ಸೇರಿ, ಮರುವರ್ಷ ತನ್ನ ಮನೆತನದ ಸಮಾಧಿಯಲ್ಲಿ ಮಣ್ಣುಮಾಡಿದ. ನಮ್ಮ ನಾಡಿನ ಪತ್ರಗಳು ಅಚ್ಚಾಗುವುದನ್ನು ಅವನು ಕಾಣಲಿಲ್ಲ. 1663ರಲ್ಲಿ ಅವು ಹೊರಬಂದಾಗ ಆತ ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದವು. ಮರಳ ಮೇಲೆ ಬರೆದ ನಾಲ್ವರು ಹುಡುಗರೂ ಆ ನಗಾರಿಯವನ ಹೆಂಡತಿಯೂ ಅದರಲ್ಲಿದ್ದಾರೆ.