ಮೇಪಲ್ ರಸದ ಅಳತೆಯ ಇತಿಹಾಸ

ಮೇಪಲ್ ಮರ ಒಸರುವ ತೆಳುವಾದ ಸಿಹಿರಸವನ್ನು ಕುದಿಸಿ ಸಿರಪ್ ತಯಾರಿಸುವವರು, ಬಂದ ರಸವೆಷ್ಟು, ಅದರಿಂದ ಇಳಿಯುವ ಸಿರಪ್ ಎಷ್ಟು ಎಂದು ಲೆಕ್ಕ ಹಾಕಲು ಬಳಸುತ್ತ ಬಂದಿರುವ ಕ್ರಮಗಳನ್ನು ಈ ಲೇಖನ ವಿವರಿಸುತ್ತದೆ. ಇದು ಉತ್ತರ ಅಮೆರಿಕದ ಈಶಾನ್ಯ ಭಾಗದ ಕಸುಬು: ಕೆನಡಾದ ಕ್ವಿಬೆಕ್, ಒಂಟಾರಿಯೊ, ಅಮೆರಿಕದ ವರ್ಮಾಂಟ್, ನ್ಯೂಯಾರ್ಕ್, ಮೇನ್ ಇದರ ನೆಲೆಗಳು. ಚಳಿಗಾಲ ಮುಗಿಯುತ್ತ ಬಂದಾಗ ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು ಇದ್ದರೆ ಕಾಂಡದೊಳಗೆ ಒತ್ತಡ ಏರುತ್ತದೆ. ಕೊರೆದ ತೂತಿನಿಂದ ರಸ ಹನಿಯತೊಡಗುತ್ತದೆ. ಇಂಥ ದಿನಗಳು ವರ್ಷಕ್ಕೆ ಕೆಲವೇ ವಾರ ಸಿಗುತ್ತವೆ. ಇವತ್ತು ಧಾರಾಳವಾಗಿ ಹರಿದ ಮರ ನಾಳೆ ಒಂದು ಲೋಟವನ್ನೂ ಕೊಡದಿರಬಹುದು. ರಸವನ್ನು ಅಳೆಯುವವರ ಕಷ್ಟವೆಲ್ಲ ಈ ಚಂಚಲತೆಯಲ್ಲೇ ಇದೆ.

ಯುರೋಪಿಯನ್ನರು ಬರುವ ಮುಂಚೆಯೇ ಅಬೆನಾಕಿ, ಒಜಿಬ್ವೆ, ಹೌಡೆನೊಶೋನಿ ಮೊದಲಾದ ಮೂಲನಿವಾಸಿಗಳಿಗೆ ಈ ರಸದ ಬಳಕೆ ಗೊತ್ತಿತ್ತು. ಒಜಿಬ್ವೆ ಜನ ಬರ್ಚ್ ಮರದ ತೊಗಟೆಯನ್ನು ಮಡಿಸಿ ಹೊಲಿದ ಪಾತ್ರೆಗಳಲ್ಲಿ ರಸ ಹಿಡಿಯುತ್ತಿದ್ದರು, ಅಂಥವೇ ಪೆಟ್ಟಿಗೆಗಳಲ್ಲಿ ಸಕ್ಕರೆ ತುಂಬಿಟ್ಟು ವ್ಯಾಪಾರ ಮಾಡುತ್ತಿದ್ದರು. ಆಗ ಮುಖ್ಯ ಉತ್ಪನ್ನ ಸಿರಪ್ ಅಲ್ಲ, ಗಟ್ಟಿ ಸಕ್ಕರೆ. ಕೆಡದೆ ಉಳಿಯುವುದೂ ಹೊತ್ತೊಯ್ಯಲು ಸುಲಭವಾಗುವುದೂ ಅದೇ.

ರಸದ ಪ್ರಮಾಣವನ್ನು ಅಂಕಿಗಳಲ್ಲಿ ಮುಂದಿಟ್ಟ ಆರಂಭದ ಬರಹಗಳಲ್ಲಿ ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್ 1791ರಲ್ಲಿ ಥಾಮಸ್ ಜೆಫರ್ಸನ್‌ಗೆ ಬರೆದ ದೀರ್ಘ ಪತ್ರ ಪ್ರಸಿದ್ಧವಾದುದು. ಸಾಧಾರಣ ಗಾತ್ರದ ಮರ ಒಳ್ಳೆಯ ವರ್ಷದಲ್ಲಿ 20ರಿಂದ 30 ಗ್ಯಾಲನ್ ರಸ ಕೊಡುತ್ತದೆ, ಅದರಿಂದ 5-6 ಪೌಂಡ್ ಸಕ್ಕರೆಯಾಗುತ್ತದೆ ಎಂದು ರಶ್ ಲೆಕ್ಕ ಕೊಟ್ಟ. ನ್ಯೂಯಾರ್ಕ್‌ನ ಮಾಂಟ್ಗಮರಿ ಕೌಂಟಿಯಲ್ಲಿ ಒಂದೇ ಮರದಿಂದ 1789ರ ಏಪ್ರಿಲ್ 14ರ ಒಂದೇ ದಿನ ಸುಮಾರು 23 ಗ್ಯಾಲನ್, ಅಂದರೆ 87 ಲೀಟರಿನಷ್ಟು ರಸ ಸಿಕ್ಕಿತೆಂಬ ವರದಿಯನ್ನೂ ದಾಖಲಿಸಿ, ಇಂಥ ಮರಗಳು ಅಪರೂಪವೆಂದು ಎಚ್ಚರಿಸಿದ. ಈ ಅಂಕಿಗಳ ಹಿಂದೆ ದೊಡ್ಡ ಉದ್ದೇಶವಿತ್ತು. ವೆಸ್ಟ್ ಇಂಡೀಸಿನ ಗುಲಾಮರು ಬೆವರು ಸುರಿಸಿ ಮಾಡುವ ಕಬ್ಬಿನ ಸಕ್ಕರೆಗೆ ಬದಲಾಗಿ ಸ್ವತಂತ್ರ ರೈತರ ಮೇಪಲ್ ಸಕ್ಕರೆ ದೇಶಕ್ಕೆ ಸಾಲುತ್ತದೆಯೇ? ಮರಕ್ಕೆ ಎಷ್ಟು ಗ್ಯಾಲನ್ ಎಂಬ ಪ್ರಶ್ನೆ ರಶ್‌ನ ಪಾಲಿಗೆ ನೀತಿಯ ಪ್ರಶ್ನೆಯೇ ಆಗಿತ್ತು. ಅವನ ಆಸೆ ಈಡೇರಲಿಲ್ಲ. ಆದರೂ ಇಷ್ಟು ಗಂಭೀರ ಕಾರಣಕ್ಕೆ ಮರದ ರಸವನ್ನು ಎಣಿಸಿದ ಸಂದರ್ಭ ಈ ಇತಿಹಾಸದಲ್ಲಿ ಮತ್ತೊಂದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಕೆಟ್ಟೇ ಅಳತೆಯ ಪಾತ್ರೆಯಾಯಿತು. ಮೊದಲು ಮರದ್ದು, ಆಮೇಲೆ ತಗಡಿನದು. ಪ್ರತಿ ಮರದಲ್ಲಿ ಎಷ್ಟು ತುಂಬಿದೆ ಎಂಬುದು ಬಕೆಟ್ ಎತ್ತುವ ಕೈಗೇ ತಿಳಿಯುತ್ತಿತ್ತು. ಒಳ್ಳೆಯ ಮರ ಯಾವುದು, ಸೋಮಾರಿ ಮರ ಯಾವುದು ಎಂದು ರೈತನಿಗೆ ಬಾಯಿಪಾಠವಾಗಿರುತ್ತಿತ್ತು. ಎತ್ತು ಅಥವಾ ಕುದುರೆ ಎಳೆಯುವ ಜಾರುಬಂಡಿಯ ತೊಟ್ಟಿಗೆ ಎಲ್ಲವನ್ನೂ ಸುರಿದ ಮೇಲೆ ಗುರುತು ಹಾಕಿದ ಕೋಲನ್ನು ಅದ್ದಿ ಆಳ ನೋಡಿದರೆ ಇಡೀ ತೋಪಿನ ಅಂದಿನ ಲೆಕ್ಕ ಸಿಗುತ್ತಿತ್ತು.

ಈ ಲೆಕ್ಕ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ರಸದಲ್ಲಿ ಸಕ್ಕರೆ ಸಾಮಾನ್ಯವಾಗಿ ಶೇಕಡಾ 2ರ ಆಸುಪಾಸು. ಆದರೆ ಒಂದೇ ತೋಪಿನಲ್ಲಿ ಒಂದು ಮರದ್ದು ಶೇ. 1.5, ಪಕ್ಕದ ಮರದ್ದು ಶೇ. 3 ಇರಬಹುದು. ಮೊದಲನೆಯ ಮರದ ಎರಡು ಬಕೆಟ್ ಎರಡನೆಯದರ ಒಂದು ಬಕೆಟ್ಟಿಗೆ ಸಮ. ನಮ್ಮ ಹಾಲಿನ ಡೇರಿಯಲ್ಲಿ ಲೀಟರಿನ ಜೊತೆಗೆ ಕೊಬ್ಬಿನ ಅಂಶವನ್ನೂ ನೋಡಿಯೇ ದುಡ್ಡು ಕೊಡುವಂತೆ, ಇಲ್ಲಿಯೂ ಗ್ಯಾಲನ್ನಿನ ಜೊತೆಗೆ ಸಿಹಿಯನ್ನೂ ನೋಡಲೇಬೇಕು. ರಸದಲ್ಲಿ ತೇಲಿಬಿಟ್ಟು ಓದುವ ಹೈಡ್ರೋಮೀಟರ್ ಈ ಕೊರತೆ ನೀಗಿತು. ರಸ ಎಷ್ಟು ತಣ್ಣಗಿದೆ ಎಂಬುದರ ಮೇಲೆ ಅದರ ಓದು ಬದಲಾಗುವುದರಿಂದ ಜೊತೆಗೊಂದು ಥರ್ಮಾಮೀಟರೂ ಬೇಕಾಯಿತು. ಸಕ್ಕರೆಯ ಶೇಕಡಾವಾರು ತೂಕವನ್ನು ಬ್ರಿಕ್ಸ್ ಎಂಬ ಮಾನದಲ್ಲಿ ಹೇಳುವುದು ರೂಢಿಯಾಯಿತು.

ವೈಜ್ಞಾನಿಕ ಅಧ್ಯಯನಕ್ಕೆ 1870ರ ದಶಕದಲ್ಲಿ ಮ್ಯಾಸಚೂಸೆಟ್ಸ್ ಕೃಷಿ ಕಾಲೇಜಿನ ವಿಲಿಯಂ ಸ್ಮಿತ್ ಕ್ಲಾರ್ಕ್ ಚಾಲನೆ ಕೊಟ್ಟರು. ಮರಗಳಿಗೆ ಪಾದರಸದ ಒತ್ತಡಮಾಪಕ ಜೋಡಿಸಿ ಏರಿಳಿತ ಬರೆದಿಟ್ಟರು. ವರ್ಮಾಂಟ್ ಕೃಷಿ ಪ್ರಯೋಗ ಕೇಂದ್ರದ ಸಿ. ಎಚ್. ಜೋನ್ಸ್, ಎ. ಡಬ್ಲ್ಯು. ಎಡ್ಸನ್, ಡಬ್ಲ್ಯು. ಜೆ. ಮೋರ್ಸ್ 1903ರಲ್ಲಿ ಪ್ರಕಟಿಸಿದ ರಸಪ್ರವಾಹದ ವರದಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಇದೇ ಜೋನ್ಸ್ ಹೆಸರಿನಲ್ಲಿ ಇಡೀ ಕಸುಬಿನ ಅತ್ಯಂತ ಉಪಯುಕ್ತ ಸೂತ್ರವೂ ಇದೆ: 86ನ್ನು ರಸದ ಬ್ರಿಕ್ಸ್ ಅಂಕಿಯಿಂದ ಭಾಗಿಸಿದರೆ, ಒಂದು ಗ್ಯಾಲನ್ ಸಿರಪ್‌ಗೆ ಬೇಕಾದ ರಸದ ಗ್ಯಾಲನ್ ಸಂಖ್ಯೆ ಸಿಗುತ್ತದೆ. 2 ಬ್ರಿಕ್ಸ್ ರಸವಾದರೆ 43 ಗ್ಯಾಲನ್. 3 ಆದರೆ 29ಕ್ಕೂ ತುಸು ಕಡಿಮೆ. ಜನ ವಾಡಿಕೆಯಲ್ಲಿ ಹೇಳುವ ನಲವತ್ತಕ್ಕೆ ಒಂದು ಎಂಬ ಲೆಕ್ಕ ಎಲ್ಲಿ ಹೊಂದುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. 86 ಎಂಬ ಸಂಖ್ಯೆ ಬಂದದ್ದು ಸಿರಪ್‌ನ ಹದದಿಂದ. 65.5 ಬ್ರಿಕ್ಸ್‌ನ ಸಿರಪ್ ನೀರಿಗಿಂತ ಸುಮಾರು 1.32 ಪಟ್ಟು ಭಾರ. ಇವೆರಡರ ಗುಣಲಬ್ಧ 86ರ ಹತ್ತಿರ ನಿಲ್ಲುತ್ತದೆ. ಕುದಿಸುವವರ ನೆನಪಿನಲ್ಲಿ ಉಳಿಯಲೆಂದು ಜೋನ್ಸ್ 1946ರಲ್ಲಿ ಇದನ್ನು ಪದ್ಯವಾಗಿಯೂ ಬರೆದರು.

ಅದೇ 1946ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಕ್ಟರ್ ಮೇಪಲ್ ಸಂಶೋಧನಾ ಕೇಂದ್ರ ಅಂಡರ್‌ಹಿಲ್‌ನಲ್ಲಿ ಶುರುವಾಯಿತು. ಜೇಮ್ಸ್ ಮಾರ್ವಿನ್, ಫ್ರೆಡ್ ಟೇಲರ್ ಮರದಿಂದ ಮರಕ್ಕೆ ರಸದ ಪ್ರಮಾಣವೂ ಸಿಹಿಯೂ ಹೇಗೆ ಬದಲಾಗುತ್ತವೆಂದು ವರ್ಷಾನುಗಟ್ಟಲೆ ಅಳೆದರು. ರೈತನ ಬಾಯಿಪಾಠಕ್ಕೆ ಹೀಗೆ ಅಂಕಿಗಳ ಬಲ ಬಂತು.

1950ರ ದಶಕದ ಕೊನೆಗೆ ಪ್ಲಾಸ್ಟಿಕ್ ಕೊಳವೆಗಳು ಬಂದವು. ಸಾವಿರಾರು ಮರಗಳ ರಸ ಒಂದೇ ಜಾಲದಲ್ಲಿ ಹರಿದು ಒಂದೇ ತೊಟ್ಟಿಗೆ ಬೀಳತೊಡಗಿತು. ನಿರ್ವಾತ ಪಂಪ್ ಸೇರಿದ ಮೇಲೆ ಇಳುವರಿ ಬಹಳ ಏರಿತು: ಬಕೆಟ್ಟಿನ ಕಾಲದಲ್ಲಿ ಒಂದು ತೂತಿಗೆ ಋತುವಿಗೆ 10 ಗ್ಯಾಲನ್ ರಸ ಬಂದರೆ ಸಮಾಧಾನ, ಈಗ 20 ದಾಟುವುದು ವಿಶೇಷವಲ್ಲ. ನಿರ್ವಾತದಿಂದ ರಸವನ್ನು ಹೊರಗೆ ಬಿಡುವ ಯಂತ್ರ ತುಂಬಿದಾಗೆಲ್ಲ ಗೊತ್ತಾದ ಪ್ರಮಾಣವನ್ನು ಸುರಿಯುತ್ತದೆ. ಎಷ್ಟು ಸಲ ಸುರಿಯಿತೆಂದು ಎಣಿಸಿ ಗುಣಿಸಿದರೆ ಮುಗಿಯಿತು. ಈಚೆಗೆ ತೊಟ್ಟಿಯ ಮಟ್ಟವನ್ನು ಸಂವೇದಕಗಳು ಮೊಬೈಲಿಗೇ ಕಳಿಸುತ್ತವೆ. ಅನುಕೂಲ ದೊಡ್ಡದು. ಆದರೆ ಒಂದೊಂದು ಮರದ ಪರಿಚಯ ಲೆಕ್ಕದಿಂದ ಮಾಯವಾಯಿತು, ಅದು ಸಣ್ಣ ನಷ್ಟವಲ್ಲ: ಕೊಳವೆ ಸೋರಿ ರಸ ಮಣ್ಣುಪಾಲಾದರೂ ಒಟ್ಟು ಅಂಕಿಯಲ್ಲಿ ಅದು ತಕ್ಷಣ ಕಾಣುವುದಿಲ್ಲ. ಹಾಗಾಗಿ ಕೊಳವೆಯ ಶಾಖೆಗೊಂದರಂತೆ ಒತ್ತಡದ ಸಂವೇದಕ ಇಡುವುದು ಈಗ ದೊಡ್ಡ ತೋಪುಗಳಲ್ಲಿ ರೂಢಿ.

1970ರ ದಶಕದಲ್ಲಿ ಬಂದ ರಿವರ್ಸ್ ಆಸ್ಮೋಸಿಸ್ ಯಂತ್ರ ಕುದಿಸುವ ಮುಂಚೆಯೇ ನೀರನ್ನು ಬೇರ್ಪಡಿಸಿ ರಸವನ್ನು ಸಾಂದ್ರವಾಗಿಸಿತು. ಆಗ ಜೋನ್ಸ್ ಸೂತ್ರದ ಮಿತಿ ಬಯಲಾಯಿತು. ಸಿಹಿ ಹೆಚ್ಚಿದಂತೆ ರಸವೂ ಭಾರವಾಗುತ್ತದೆ, ಸೂತ್ರ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. 2013ರಲ್ಲಿ ಪ್ರಾಕ್ಟರ್ ಕೇಂದ್ರದ ತಿಮೋತಿ ಪರ್ಕಿನ್ಸ್ ಮತ್ತು ಮಾರ್ಕ್ ಇಸೆಲ್‌ಹಾರ್ಟ್ ಅದನ್ನು ತಿದ್ದಿದರು: 87.1ನ್ನು ಬ್ರಿಕ್ಸ್‌ನಿಂದ ಭಾಗಿಸಿ 0.32 ಕಳೆಯಬೇಕು. 2 ಬ್ರಿಕ್ಸ್ ರಸಕ್ಕೆ ಹಳೆಯದೂ ಹೊಸದೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತವೆ. 20 ಬ್ರಿಕ್ಸ್ ಸಾಂದ್ರರಸಕ್ಕೆ ಹಳೆಯ ಸೂತ್ರ 4.3 ಗ್ಯಾಲನ್ ಎಂದರೆ ಹೊಸದು ಸುಮಾರು 4 ಎನ್ನುತ್ತದೆ.

ಮಾನಗಳ ಗೊಂದಲ ಇನ್ನೂ ಇದೆ. ಅಮೆರಿಕದ ಗ್ಯಾಲನ್ 3.785 ಲೀಟರ್, ಕೆನಡಾದಲ್ಲಿ ಬಳಕೆಯಲ್ಲಿದ್ದ ಇಂಪೀರಿಯಲ್ ಗ್ಯಾಲನ್ 4.546. ವರ್ಮಾಂಟಿನವರು ತೂತಿಗೆ ಎಷ್ಟು ಗ್ಯಾಲನ್ ಸಿರಪ್ ಎಂದು ಕೇಳಿದರೆ ಕ್ವಿಬೆಕ್ಕಿನವರು ಎಷ್ಟು ಪೌಂಡ್ ಎಂದು ಕೇಳುತ್ತಾರೆ. ಪರ್ಕಿನ್ಸ್ ಮತ್ತು ಅಬಿ ವ್ಯಾನ್ ಡೆನ್ ಬರ್ಗ್ 2013ರಲ್ಲಿ ಮೂರನೆಯ ಮಾನವನ್ನು ಮುಂದಿಟ್ಟರು. ಒತ್ತಾಗಿ ನೆಟ್ಟ ಎಳೆಯ ಮೇಪಲ್ ಗಿಡಗಳ ತುದಿ ಕತ್ತರಿಸಿ, ಕತ್ತರಿಸಿದ ಬಾಯಿಗೇ ನಿರ್ವಾತ ಕೊಳವೆ ತೊಡಿಸಿದರೆ ಎಕರೆಗೆ 400 ಗ್ಯಾಲನ್ ಸಿರಪ್ ಸಾಧ್ಯವೆಂದು ಅವರ ಅಂದಾಜು. ಕಾಡಿನ ತೋಪಿನಲ್ಲಿ ಅದು 40ರ ಸುಮಾರು. ಎಳೆಯ ಗಿಡಗಳ ಈ ಕ್ರಮದಲ್ಲಿ ಇಳುವರಿಯ ಲೆಕ್ಕ ಮರಕ್ಕೂ ಅಲ್ಲ, ತೂತಿಗೂ ಅಲ್ಲ, ನೆಲಕ್ಕೆ.